ಒಂದೇ ಅಂಚಿನವು

ಗದ್ವಾಲ್
೬ ಆಗಸ್ಟ್ ೨೦೧೧

ಭುವನೇಶ್ವರಿಗೆ,

ಅಕ್ಷರ ನೋಡಿ ಗುರುತು ಹಿಡಿಯುತ್ತೀಯೋ ಇಲ್ಲವೋ ತಿಳಿಯದು. ನಾನು ಶೈಲಜಾ, ಮಕ್ತಲ್ ಹೈಸ್ಕೂಲಿನಲ್ಲಿ ನಿನ್ನ ಪಕ್ಕ ಕೂರುತ್ತಿದ್ದವಳು. ನೀನು ಈಗ ನಾರಾಯಣಪೇಟೆಯಲ್ಲಿ ಕನ್ನಡ ಮೀಡಿಯಂ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೀ ಎಂದು ಊರ ಕಡೆಯವರಿಂದ ತಿಳಿಯಿತು.

ನಮ್ಮ ಅಂಗಡಿಯ ಬಾಗಿಲುಗಳಿಗೆ ಪಾಲಿಶ್ ಮಾಡಲು ಬಂದಿದ್ದ ನರಸಿಂಹುಲು ಅವರನ್ನೇ ಮದುವೆಯಾಗುತ್ತೇನೆ ಎಂದು ನಾನು ಹಟ ಹಿಡಿದಾಗ ನೀನು ನಮ್ಮ ಅಪ್ಪನ ಕಡೆ ನಿಂತೆ. "ಕುಡಿಯಾವ್ನ ಕಟ್ಕೊಂಡು ಆಮ್ಯಾಲ ಅಳಬ್ಯಾಡ" ಅಂದೆ. ಅಂದಿನಿಂದ ನಮ್ಮಿಬ್ಬರ ನಡುವೆ ಮಾತಿಲ್ಲ. ಅದನ್ನು ಕೆದಕಲು ಬರೆಯುತ್ತಿಲ್ಲ. ನನಗೊಂದು ವಿಷಯ ಅರ್ಥವಾಗಬೇಕಾಗಿದೆ. ಬಿಡಿಸಿ ಹೇಳುವವರು ಬೇರೆ ಯಾರೂ ನನಗೆ ಗೊತ್ತಿಲ್ಲ.

ಹೋದ ತಿಂಗಳು ತೆಲಂಗಾಣಕ್ಕಾಗಿ ಎರಡು ದಿನ ಬಂದ್ ಆಯಿತಲ್ಲ, ಮೊದಲ ದಿನ ಬಡಗಿ ಕಾರ್ಖಾನೆಯಲ್ಲಿ ಇವರೂ ರಾಮುಲು ಅಣ್ಣನೂ ಇಬ್ಬರೇ ಇದ್ದರು. ಇಬ್ಬರೂ ಚಿಕ್ಕಂದಿನಿಂದ ಜೊತೆಗೇ ಪಾಲಿಶ್ ಕೆಲಸ ಕಲಿತವರು. ಊರಲ್ಲಿ ಬ್ರಾಂದಿ ಅಂಗಡಿ ಮುಚ್ಚಿತ್ತು. ಅರಗು ಕರಗಿಸಲು ತಂದಿಟ್ಟ ಸ್ಪಿರಿಟ್ಟಿಗೆ ನೀರು ಬೆರೆಸಿ ಕುಡಿದಿದ್ದಾರೆ. ಹಿಂದೆಯೂ ಹಾಗೆ ಕುಡಿದಿದ್ದರಂತೆ, ಏನೂ ಆಗಿರಲಿಲ್ಲವಂತೆ. ಈ ಸಲ ಡಬ್ಬ ಬೇರೆ. ನಾನು ರೊಟ್ಟಿ ಕಟ್ಟಿಕೊಂಡು ಹೋದಾಗ ಇಬ್ಬರ ಕೈಯಲ್ಲೂ ಗ್ಲಾಸು. ಇವರ ಕೈ ಹಿಡಿದು ಮನೆಗೆ ಕರೆತಂದೆ. ಸಂಜೆ ರಾಮುಲು ಅಣ್ಣ ಬಾಗಿಲಿಗೆ ಬಂದು, "ನಮ್ಮ ಮನ್ಯಾಗ ಬ್ರಾಂದಿ ಇಟ್ಟೀನಿ, ಬಾರೋ" ಎಂದು ಕರೆದ. ನಾನು ಹೊಸ್ತಿಲಿಗೆ ಅಡ್ಡ ನಿಂತೆ. ಇವರು ಹೋಗಲಿಲ್ಲ.

ಮರುದಿನ ಎದ್ದವರು, "ಶೈಲಾ, ಮನಿಯಾಗ ಹೊಗಿ ತುಂಬೈತೇನು?" ಎಂದರು. ಒಲೆಯನ್ನೇ ಹಚ್ಚಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಾಲಿನೊಳಗೆ ಕಣ್ಣು ಬಿಟ್ಟ ಹಾಗೆ ಎಲ್ಲ ಬೆಳ್ಳಗೆ ಕಾಣುತ್ತಿದೆ ಎಂದರು. ಬಸ್ಸಿಲ್ಲ. ಓಣಿಯವರ ಆಟೋದಲ್ಲಿ ಕರ್ನೂಲಿಗೆ ಹೊರಟೆವು. ರಸ್ತೆಗೆ ಕಲ್ಲು ಅಡ್ಡ ಇಟ್ಟಿದ್ದ ಹುಡುಗರು ಇವರ ಮುಖ ನೋಡಿ ತಾವೇ ಕಲ್ಲು ಸರಿಸಿ ಬಿಟ್ಟರು. ಆದರೂ ಮುಟ್ಟುವಷ್ಟರಲ್ಲಿ ತಡವಾಗಿತ್ತು. ಜೀವ ಉಳಿಯಿತು, ಕಣ್ಣು ಹೋದವು, ಎರಡೂ.

ಡಾಕ್ಟರು ತೆಲುಗಿನಲ್ಲಿ ಹೇಳಿದ್ದು ಇಷ್ಟು: "ಇವರು ಕುಡಿದಿದ್ದು ಸಾರಾಯಿ ಅಲ್ಲಮ್ಮ, ಸಾರಾಯಿಯ ಅಣ್ಣ." ಇನ್ನೊಂದು ನನಗೆ ಇವತ್ತಿಗೂ ತಿಳಿಯದೇ ಉಳಿದಿದೆ. ಆಸ್ಪತ್ರೆಯಲ್ಲಿ ಮೂಗಿನ ನಳಿಗೆಯಿಂದ ಇವರಿಗೆ ಮತ್ತೆ ಬ್ರಾಂದಿ ಹಾಕಿದರು. ನಾನು ಜಗಳಕ್ಕೆ ನಿಂತೆ. ನರ್ಸು ನನ್ನನ್ನು ಹೊರಗೆ ಕಳಿಸಿದಳು. ಒಂದೇ ಡಬ್ಬದಿಂದ ಕುಡಿದ ರಾಮುಲು ಅಣ್ಣನಿಗೆ ಎರಡು ದಿನ ತಲೆ ನೊಂದದ್ದು ಬಿಟ್ಟರೆ ಏನೂ ಆಗಲಿಲ್ಲ.

ನೋಡಲು ಒಂದೇ, ವಾಸನೆಯೂ ಹೆಚ್ಚುಕಡಿಮೆ ಒಂದೇ. ಅಂಥ ಎರಡರಲ್ಲಿ ಒಂದು ಅಮಲೇರಿಸಿ, ಇನ್ನೊಂದು ಕಣ್ಣು ತಿನ್ನುವುದು ಹೇಗೆ? ಹತ್ತನೆಯ ತರಗತಿಯಲ್ಲಿ ಯಾವುದೋ ಶ್ರೇಣಿ ಎಂದು ಓದಿದ ನೆನಪು. ಅದಿಷ್ಟನ್ನು ಬರೆದು ತಿಳಿಸು. ಫೋನು ಬೇಡ. ಇರುವುದು ಒಂದೇ ಕೋಣೆ, ಇವರು ಅಲ್ಲೇ ಕೂತಿರುತ್ತಾರೆ. ಮಾತು ಕೇಳಿಸುತ್ತದೆ, ಅಕ್ಷರ ಕೇಳಿಸುವುದಿಲ್ಲ.

ಶೈಲಜಾ


ನಾರಾಯಣಪೇಟೆ
೨೧ ಆಗಸ್ಟ್ ೨೦೧೧

ಶೈಲಾ,

ನಿನ್ನ ಅಕ್ಷರ ನನಗೆ ಗುರುತು ಸಿಗದೆ ಇದ್ದೀತೇ. ಕಾಗದವನ್ನು ಅಡುಗೆಮನೆಯಲ್ಲೇ ನಿಂತು ಎರಡು ಸಲ ಓದಿದೆ. ಸಮಾಧಾನದ ಮಾತು ನೀನು ಕೇಳಿಲ್ಲ, ಪಾಠ ಕೇಳಿದ್ದೀ. ಪಾಠವನ್ನೇ ಬರೆಯುತ್ತೇನೆ.

ನೀನು ನೆನಪಿಸಿಕೊಂಡದ್ದು ಅನುರೂಪ ಶ್ರೇಣಿ. ಮಕ್ಕಳಿಗೆ ನಾನು ಇದನ್ನು ನಮ್ಮೂರ ಮಗ್ಗದ ಸೀರೆ ತೋರಿಸಿ ಹೇಳುತ್ತೇನೆ. ಒಬ್ಬ ನೇಕಾರ ಒಂದೇ ಅಂಚು ಹಿಡಿದು ಕೂಸಿನ ಲಂಗ ನೇಯುತ್ತಾನೆ, ಹುಡುಗಿಯ ಲಂಗ ನೇಯುತ್ತಾನೆ, ದೊಡ್ಡವರ ಸೀರೆ ನೇಯುತ್ತಾನೆ. ಮೈ ಉದ್ದವಾಗುತ್ತಾ ಹೋಗುತ್ತದೆ, ಅಂಚು ಬದಲಾಗುವುದಿಲ್ಲ. ದೂರದಿಂದ ನೋಡಿದವರು ಅಂಚು ನೋಡಿಯೇ ಇವೆಲ್ಲ ಒಂದೇ ಮಗ್ಗದವು ಅನ್ನುತ್ತಾರೆ.

ಆಲ್ಕೊಹಾಲುಗಳೂ ಹಾಗೆಯೇ. ಅವುಗಳ ಅಂಚು ಆಕ್ಸಿಜನ್ನು, ಹೈಡ್ರೋಜನ್ನು ಸೇರಿದ ಒಂದು ಜೋಡಿ. ಅದಕ್ಕೆ ಕ್ರಿಯಾ ಗುಂಪು ಅನ್ನುತ್ತಾರೆ. ಮೈ ಎಂದರೆ ಇಂಗಾಲದ ಸರಪಳಿ. ಒಂದೇ ಇಂಗಾಲ ಇದ್ದರೆ ಮೆಥನಾಲ್, ಎರಡಿದ್ದರೆ ಎಥನಾಲ್, ಮೂರಿದ್ದರೆ ಪ್ರೊಪನಾಲ್. ಪ್ರತಿ ಮೆಟ್ಟಿಲಿಗೆ ಒಂದು ಇಂಗಾಲ, ಎರಡು ಹೈಡ್ರೋಜನ್ ಕೂಡುತ್ತವೆ, ಅಷ್ಟೇ. ಮೆಟ್ಟಿಲು ಏರಿದಂತೆ ಕುದಿಯಲು ಹೆಚ್ಚು ಕಾವು ಬೇಕಾಗುತ್ತದೆ, ಮೆಲ್ಲಮೆಲ್ಲಗೆ ಗುಣ ಬದಲಾಗುತ್ತದೆ. ಆದರೆ ಅಂಚು ಒಂದೇ ಆದ್ದರಿಂದ ನಡತೆಯಲ್ಲಿ ಹೋಲಿಕೆ ಇದ್ದೇ ಇರುತ್ತದೆ. ಮೆಥನಾಲೂ ನೀರಿನಲ್ಲಿ ಬೆರೆಯುತ್ತದೆ, ಎಥನಾಲೂ ಬೆರೆಯುತ್ತದೆ. ಎರಡೂ ಉರಿಯುತ್ತವೆ, ಎರಡೂ ಅರಗು ಕರಗಿಸುತ್ತವೆ. ಜನ ಕುಡಿಯುವ ಸಾರಾಯಿ, ಬ್ರಾಂದಿಯಲ್ಲಿ ಇರುವುದು ಎಥನಾಲ್. ಆ ಡಬ್ಬದಲ್ಲಿ ಇದ್ದದ್ದು ಅದರ ಹಿಂದಿನ ಮೆಟ್ಟಿಲು. ಡಾಕ್ಟರು ಅಣ್ಣ ಎಂದದ್ದು ಸರಿಯಾಗಿಯೇ ಇದೆ.

ಹೊಟ್ಟೆಗೆ ಹೋದ ಮೇಲೆ ಪಿತ್ತಕೋಶದ ಮೇಲಿರುವ ಯಕೃತ್ತು, ನಾವು ಕಾಳಿಜ ಅನ್ನುತ್ತೇವಲ್ಲ, ಅದು ಈ ಅಂಚನ್ನು ಹಿಡಿದು ಆಲ್ಕೊಹಾಲನ್ನು ಆಮ್ಲವಾಗಿ ಮಾರ್ಪಡಿಸುತ್ತದೆ. ಎಥನಾಲಿನಿಂದ ಬರುವುದು ಸೇಂದಿ ಹಳಸಿದಾಗ ಅದನ್ನು ಹುಳಿ ಮಾಡುವ ಆಮ್ಲ. ಅದನ್ನು ಮೈ ತಾಳಿಕೊಳ್ಳುತ್ತದೆ. ಮೆಥನಾಲಿನಿಂದ ಬರುವುದು ಫಾರ್ಮಿಕ್ ಆಮ್ಲ, ಕೆಂಪಿರುವೆಯ ಕಡಿತದಲ್ಲಿ ಉರಿಯುವಂಥದ್ದು. ಅದು ಕಣ್ಣಿನ ನರವನ್ನು ಸುಡುತ್ತದೆ. ವ್ಯತ್ಯಾಸ ಒಂದೇ ಇಂಗಾಲದ್ದಾದರೂ ಫಲ ಇಷ್ಟು ಬೇರೆ. ಶ್ರೇಣಿಯ ಮೊದಲನೆಯದು ಹಲವು ಸಲ ಮಿಕ್ಕವುಗಳ ಹಾಗೆ ಇರುವುದಿಲ್ಲ ಶೈಲಾ.

ರಾಮುಲುಗೆ ಏನೂ ಆಗದ್ದಕ್ಕೆ ಹೆಚ್ಚು ಅರ್ಥ ಹುಡುಕಬೇಡ. ಒಬ್ಬೊಬ್ಬರ ಮೈ ಒಂದೊಂದು ತರಹ.

ಊಟ ಬಿಡಬೇಡ. ಬೇಕೆನಿಸಿದಾಗ ಬರೆ.

ಭುವನೇಶ್ವರಿ


ಗದ್ವಾಲ್
೧೧ ಸೆಪ್ಟೆಂಬರ್ ೨೦೧೧

ಭುವನಾ,

ನಿನ್ನ ಪಾಠ ಇಷ್ಟು ತಿಳಿಯಾಗಿ ಇರುತ್ತದೆ ಎಂದು ಗೊತ್ತಿದ್ದರೆ ನಾನು ಹತ್ತಕ್ಕೇ ನಿಲ್ಲುತ್ತಿರಲಿಲ್ಲವೇನೋ. ನನ್ನ ಹಳೆಯ ಸೀರೆಯ ಅಂಚು ಹಿಡಿದುಕೊಂಡೇ ಓದಿದೆ. ಇವರು ಕಾಗದದ ಸದ್ದು ಕೇಳಿ ಏನೆಂದರು. ಗೆಳತಿ ವಿಜ್ಞಾನ ಕಲಿಸುತ್ತಿದ್ದಾಳೆ ಎಂದೆ. ಹಾಗಾದರೆ ತನಗೂ ಹೇಳು ಎಂದರು. ಅಂಚು, ಮೈ, ಮೆಟ್ಟಿಲು ಎಲ್ಲ ಹೇಳಿದೆ. ಕೇಳಿಸಿಕೊಂಡು, ಇಷ್ಟು ವರ್ಷ ಆ ಸ್ಪಿರಿಟ್ಟಿನಲ್ಲಿ ಕೈ ಅದ್ದಿದರೂ ಅದರ ಮನೆತನ ಯಾವುದೆಂದು ತಾನು ಕೇಳಲಿಲ್ಲವಲ್ಲ ಎಂದು ನಕ್ಕರು. ಕಣ್ಣು ಹೋದ ಮೇಲೆ ಇವರು ನಕ್ಕದ್ದು ಆವತ್ತೇ.

ಜನ ನೋಡಲು ಬರುತ್ತಲೇ ಇರುತ್ತಾರೆ. ಬಂದವರಿಗೆಲ್ಲ ಇವರು ಒಂದೇ ಮಾತು ಹೇಳುತ್ತಾರೆ: "ಅವತ್ತು ಈಕಿ ಬಂದು ಎಳಕೊಂಡು ಹೋಗದಿದ್ರ ನನ್ನ ಹೆಣಾ ಬರ್ತಿತ್ರಿ. ಈಕಿನ ಉಳಿಸ್ಯಾಳ." ಬಂದವರು ನನ್ನನ್ನು ಕೈ ಮುಗಿಯುವ ಹಾಗೆ ನೋಡುತ್ತಾರೆ. ನಮ್ಮ ಅತ್ತೆ ಕುರುಮಮ್ಮ, ಮದುವೆಯಾದ ಮೇಲೆ ನನ್ನ ಕೈಯ ನೀರು ಕುಡಿಯಲು ಹಿಂದೆಮುಂದೆ ನೋಡಿದವರು, ಮಲ್ದಕಲ್ ದೇವರಿಗೆ ಹೋಗಿ ನನ್ನ ಹೆಸರಿನಲ್ಲಿ ಕಾಯಿ ಒಡೆಸಿಕೊಂಡು ಬಂದರು. ರಾಮುಲು ಅಣ್ಣ ಮಾತ್ರ ಈಚೆಗೆ ಹೆಚ್ಚು ಬರುವುದಿಲ್ಲ. ಬಂದರೂ ನನ್ನ ಎದುರು ತಲೆ ಎತ್ತುವುದಿಲ್ಲ. ತಾನು ಉಳಿದೆನೆಂಬ ಸಂಕೋಚ ಇರಬೇಕು.

ನಾನೇ ಯೋಚಿಸಿ ಒಂದನ್ನು ಕಂಡುಕೊಂಡಿದ್ದೇನೆ, ಸರಿಯೋ ತಪ್ಪೋ ಹೇಳು. ಇರುವೆಯ ಆಮ್ಲದಲ್ಲಿ ಒಂದು ಇಂಗಾಲ, ಸೇಂದಿಯ ಆಮ್ಲದಲ್ಲಿ ಎರಡು ಇರಬೇಕು. ಅಂದರೆ ಆಮ್ಲಗಳದ್ದೂ ಒಂದು ಶ್ರೇಣಿ ಇರಬೇಕು, ಬೇರೆ ಅಂಚಿನದ್ದು. ಹೌದೇ?

ಇನ್ನೊಂದು. ಆಸ್ಪತ್ರೆಯಲ್ಲಿ ಬ್ರಾಂದಿ ಏಕೆ ಹಾಕಿದರೆಂದು ನಾನು ಕೇಳಿದ್ದೆ. ನಿನಗೆ ಮರೆತುಹೋಗಿರಬೇಕು.

ನಿನ್ನ ಶೈಲಾ


ನಾರಾಯಣಪೇಟೆ
೮ ಅಕ್ಟೋಬರ್ ೨೦೧೧

ಶೈಲಾ,

ತೆಲಂಗಾಣಕ್ಕಾಗಿ ಸಮ್ಮೆ, ಈ ಮುಷ್ಕರ, ಶುರುವಾದಾಗಿನಿಂದ ಇಲ್ಲಿ ಎಲ್ಲ ನಿಂತುಹೋಗಿದೆ. ಶಾಲೆ ಇಲ್ಲ, ಬಸ್ಸಿಲ್ಲ. ಕಾಗದ ತಡವಾಗಿ ಮುಟ್ಟಿದರೆ ಬೇಜಾರಾಗಬೇಡ. ನಾವು ಟೀಚರುಗಳೆಲ್ಲ ತಹಸೀಲ್ ಆಫೀಸಿನ ಎದುರು ಶಾಮಿಯಾನದಲ್ಲಿ ಕೂರುತ್ತೇವೆ. ದಸರೆಗೆ ಮುಂಚೆ ಹೆಂಗಸರೆಲ್ಲ ಅಲ್ಲೇ ಹೂ ಜೋಡಿಸಿಟ್ಟು ಸುತ್ತ ಬತುಕಮ್ಮ ಆಡಿದರು. ಕನ್ನಡ ಶಾಲೆಯವರು ನಿಮಗೇಕೆ ತೆಲಂಗಾಣ ಎಂದು ಒಬ್ಬರು ತಮಾಷೆ ಮಾಡಿದರು. ಇಲ್ಲಿನ ಬಿಸಿಲಿಗೆ ಭಾಷೆ ಗೊತ್ತಿಲ್ಲ ಎಂದು ನಮ್ಮ ಹೆಡ್ ಮಾಸ್ತರು ಉತ್ತರ ಕೊಟ್ಟರು. ಹತ್ತನೆಯವರ ಪಾಠ ಹಿಂದೆ ಬೀಳುತ್ತದೆಂದು ಮಕ್ಕಳು ಬೆಳಗ್ಗೆ ನಮ್ಮ ಮನೆ ಪಡಸಾಲೆಗೆ ಬರುತ್ತಾರೆ.

ಆಮ್ಲಗಳ ವಿಷಯ ನೀನು ಕಂಡುಕೊಂಡದ್ದು ಪೂರ್ತಿ ಸರಿ. ಯಾರೂ ಹೇಳಿಕೊಡದೆ ನೀನೇ ಅಲ್ಲಿಗೆ ಮುಟ್ಟಿದ್ದೀ. ನಮ್ಮ ತರಗತಿಯಲ್ಲಿ ಮುಂದೆ ಓದಬೇಕಾಗಿದ್ದವಳು ನೀನು.

ಆಸ್ಪತ್ರೆಯ ಔಷಧಗಳು ನನಗೆ ಅಷ್ಟು ತಿಳಿಯವು. ಅವರವರ ಪದ್ಧತಿ ಇರುತ್ತದೆ. ಈ ರಸಾಯನವನ್ನು ಇಷ್ಟಕ್ಕೆ ಬಿಡು ಶೈಲಾ. ತಿಳಿಯಬೇಕಾದದ್ದು ತಿಳಿದಾಯಿತಲ್ಲ. ಇನ್ನು ಮುಂದೆ ಏನು ಎಂಬುದನ್ನು ನೋಡು. ಮುಟ್ಟಿ ಮಾಡುವ ಕೆಲಸ ಏನಾದರೂ ಅವರಿಗೆ ಹೊಂದುತ್ತದೆಯೇ? ನೀನು ಓಪನ್ ಸ್ಕೂಲಿನಲ್ಲಿ ಹತ್ತರ ಮುಂದಿನ ಇಂಟರ್ ಪರೀಕ್ಷೆ ಕಟ್ಟಬಾರದೇಕೆ? ಪುಸ್ತಕ ನಾನು ಕಳಿಸುತ್ತೇನೆ.

ಭುವನಾ


ಗದ್ವಾಲ್
೩೦ ಅಕ್ಟೋಬರ್ ೨೦೧೧

ಭುವನಾ,

ಎರಡು ಸಲ ಕೇಳಿದೆ, ಎರಡು ಸಲವೂ ನೀನು ಪಕ್ಕಕ್ಕೆ ಸರಿದೆ. ಸ್ಕೂಲಿನಲ್ಲಿ ಬಾರದ ಲೆಕ್ಕಕ್ಕೆ ಬರುವುದಿಲ್ಲ ಎಂದೇ ಹೇಳುತ್ತಿದ್ದವಳು ನೀನು. ಹಾಗಾದರೆ ಇದು ನಿನಗೆ ಬರುವುದಿಲ್ಲ ಎಂದಲ್ಲ.

ನೀನು ಹೇಳಿದ ಅಂಚನ್ನೇ ಹಿಡಿದುಕೊಂಡು ಹೋದೆ. ಕಾಳಿಜ ಅಂಚನ್ನು ನೋಡಿ ಹಿಡಿಯುತ್ತದೆ ಅಂದೆ. ಎರಡರದ್ದೂ ಅಂಚು ಒಂದೇ. ಹಾಗಿದ್ದರೆ ಎರಡೂ ಒಟ್ಟಿಗೆ ಬಂದಾಗ ಅದು ಯಾವುದನ್ನು ಹಿಡಿಯುತ್ತದೆ? ಬ್ರಾಂದಿಯನ್ನೇ ಮೊದಲು ಹಿಡಿಯುತ್ತದೆ ಎಂದಿಟ್ಟುಕೋ. ಅದರ ಕೈ ಬ್ರಾಂದಿಯಲ್ಲೇ ತುಂಬಿರುತ್ತದೆ. ಅಷ್ಟರಲ್ಲಿ ಆ ಇನ್ನೊಂದು ಆಮ್ಲವಾಗದೆ ಉಸಿರಲ್ಲೋ ಉಚ್ಚೆಯಲ್ಲೋ ಹೊರಟುಹೋಗುತ್ತದೆ. ಆಸ್ಪತ್ರೆಯವರು ನಳಿಗೆಯಲ್ಲಿ ಬ್ರಾಂದಿ ಹಾಕಿದ್ದು ಅದಕ್ಕೇ.

ರಾಮುಲು ಅಣ್ಣ ಆವತ್ತು ಸಂಜೆ ಮನೆಗೆ ಹೋಗಿ ಬ್ರಾಂದಿ ಕುಡಿದ. ಅವನ ಕಣ್ಣು ಉಳಿದವು. ಇವರನ್ನೂ ಕರೆಯಲು ಬಂದಿದ್ದ. ನಾನು ಹೊಸ್ತಿಲಿಗೆ ಅಡ್ಡ ನಿಂತೆ.

ಇವತ್ತೂ ಯಾರೋ ಬಂದಿದ್ದರು. ಇವರು ಮತ್ತೆ ಅದೇ ಮಾತು ಹೇಳಿದರು, ಈಕಿನ ಉಳಿಸ್ಯಾಳ ಎಂದು. ನಾನು ಕೊಡ ತೆಗೆದುಕೊಂಡು ನೀರಿಗೆ ಹೋದೆ. ನಲ್ಲಿಯಲ್ಲಿ ನೀರು ಬಿಟ್ಟಿರಲಿಲ್ಲ. ಖಾಲಿ ಕೊಡ ಹಿಡಿದು ಅಲ್ಲೇ ನಿಂತಿದ್ದೆ.

ಹೌದೋ ಅಲ್ಲವೋ, ಅಷ್ಟೇ ಬರೆ.

ಶೈಲಜಾ


ನಾರಾಯಣಪೇಟೆ
೯ ನವೆಂಬರ್ ೨೦೧೧

ಶೈಲಾ,

ಹೌದು.

ನಿನ್ನ ಮೊದಲ ಕಾಗದದಲ್ಲಿ ಆ ಹೊಸ್ತಿಲಿನ ಮಾತು ಓದಿದಾಗಲೇ ನನಗೆ ತಿಳಿಯಿತು. ಗೊತ್ತಿದ್ದೇ ಬರೆಯದೆ ಬಿಟ್ಟೆ. ಪಾಠವನ್ನು ಅರ್ಧಕ್ಕೆ ನಿಲ್ಲಿಸಿದರೆ ನೀನೂ ಅಲ್ಲೇ ನಿಲ್ಲುತ್ತೀ ಅಂದುಕೊಂಡೆ. ಯಾರಿಗೆ ಪಾಠ ಹೇಳುತ್ತಿದ್ದೇನೆ ಎಂಬುದನ್ನು ಮರೆತೆ.

ಈಗ ಇದನ್ನೂ ಓದು. ಆಸ್ಪತ್ರೆಯಲ್ಲಿ ಅದನ್ನು ಅಳತೆ ನೋಡಿ, ರಕ್ತ ನೋಡಿ, ಹೊತ್ತು ನೋಡಿ ಹಾಕುತ್ತಾರೆ. ಮನೆಯಲ್ಲಿ ಕುಡಿದ ಬ್ರಾಂದಿ ಮದ್ದಲ್ಲ. ಹಾಗೆ ಕುಡಿದೂ ಸತ್ತವರಿದ್ದಾರೆ. ರಾಮುಲು ಎಷ್ಟು ಸ್ಪಿರಿಟ್ ಕುಡಿದಿದ್ದ, ಇವರು ಎಷ್ಟು ಕುಡಿದಿದ್ದರು, ಯಾರಿಗೆ ಗೊತ್ತು. ಇವರು ಹೋಗಿದ್ದರೆ ಕಣ್ಣು ಉಳಿಯುತ್ತಿದ್ದವು ಎಂದು ಯಾವ ಡಾಕ್ಟರೂ ಖಚಿತವಾಗಿ ಹೇಳಲಾರರು. ಉಳಿಯುತ್ತಿರಲಿಲ್ಲ ಎಂದು ನಾನೂ ಹೇಳಲಾರೆ. ನಿನಗೆ ಸುಳ್ಳು ಬರೆಯುವುದು ಇನ್ನು ಆಗದು.

ಕುಡಿದು ಬಂದ ಗಂಡನಿಗೆ ಮತ್ತೆ ಕುಡಿಯಲು ಹೋಗಬೇಡ ಎಂದು ಅಡ್ಡ ನಿಲ್ಲದ ಹೆಂಗಸು ಯಾವ ಊರಿನಲ್ಲಿದ್ದಾಳೆ, ಹೇಳು. ನಿನ್ನ ಜಾಗದಲ್ಲಿ ನಾನಿದ್ದರೂ ಅಡ್ಡ ನಿಲ್ಲುತ್ತಿದ್ದೆ. ಇಷ್ಟೆಲ್ಲ ಓದಿದ್ದೂ ನಿಲ್ಲುತ್ತಿದ್ದೆ, ಏಕೆಂದರೆ ಆ ಡಬ್ಬದಲ್ಲಿ ಏನಿದೆ ಎಂದು ಆ ಹೊತ್ತಿಗೆ ಗೊತ್ತಿದ್ದವರು ಯಾರೂ ಇರಲಿಲ್ಲ.

ಅವರಿಗೆ ಹೇಳಬೇಕೋ ಬೇಡವೋ ಎಂದು ನೀನು ಯೋಚಿಸುತ್ತಿರುತ್ತೀ. ಅದನ್ನು ನಾನು ಹೇಳಲಾರೆ. ಬಸ್ಸು ಓಡುತ್ತಿವೆ. ಬಾ ಅಂದರೆ ಬರುತ್ತೇನೆ.

ಭುವನಾ


ಗದ್ವಾಲ್
೧೯ ಜನವರಿ ೨೦೧೨

ಭುವನಾ,

ಇಷ್ಟು ದಿನ ಬರೆಯದಿದ್ದದ್ದು ಸಿಟ್ಟಿನಿಂದಲ್ಲ. ನಿನ್ನ ಕಾಗದವನ್ನು ಓದಿದ ಮೇಲೆ ಮನೆಯಲ್ಲಿ ಒಂದು ಮಾತು ಆಡುವುದೂ ಕಷ್ಟವಾಯಿತು. ಅನ್ನ ಬಡಿಸುತ್ತಿದ್ದೆ, ಕೈ ಹಿಡಿದು ಹಿತ್ತಲಿಗೆ ಕರೆದೊಯ್ಯುತ್ತಿದ್ದೆ, ಮಾತು ಮಾತ್ರ ಬರುತ್ತಿರಲಿಲ್ಲ. ಅತ್ತೆ ನನಗೆ ದೃಷ್ಟಿ ಆಗಿದೆಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು.

ಸಂಕ್ರಾಂತಿ ಮುಗಿದ ಮರುದಿನ ಅತ್ತೆ ಐಜಕ್ಕೆ ಮಗಳ ಮನೆಗೆ ಹೋದರು. ಮಧ್ಯಾಹ್ನ ಇವರು ಬಾಗಿಲಲ್ಲಿ ಕೂತು ಒಂದು ಮಣೆಗೆ ಮರಳು ಕಾಗದ ಉಜ್ಜುತ್ತಿದ್ದರು. ಕಾರ್ಖಾನೆಯವರು ಸಣ್ಣಪುಟ್ಟ ಸಾಮಾನನ್ನು ಮನೆಗೆ ಕಳಿಸುತ್ತಾರೆ, ಬೆರಳಿನಿಂದಲೇ ಮರದ ನುಣುಪು ನೋಡಿ ಮಾಡುತ್ತಾರೆ. ನಾನು ಎದುರು ಕೂತು ಹೇಳಿದೆ. ಅಂಚಿನಿಂದ ಶುರು ಮಾಡಿ ಎಲ್ಲ ಹೇಳಿದೆ. ಕಾಳಿಜ ಮೊದಲು ಹಿಡಿಯುವುದು ಯಾವುದನ್ನು, ರಾಮುಲು ಅಣ್ಣ ಉಳಿದದ್ದು ಹೇಗೆ, ಹೊಸ್ತಿಲಲ್ಲಿ ನಿಂತವಳು ಯಾರು. ಕೊನೆಗೆ, "ನಾ ಉಳಿಸಿಲ್ರೀ. ನಾ ಅಡ್ಡ ನಿಂತಿದ್ದಕ್ಕ ನಿಮ್ಮ ಕಣ್ಣು ಹೋದ್ವು" ಎಂದೆ.

ಅವರು ಉಜ್ಜುವುದನ್ನು ನಿಲ್ಲಿಸಿದರು. ಮಣೆಯನ್ನು ಪಕ್ಕಕ್ಕಿಟ್ಟು ಕೈಯ ಹುಡಿ ಒರೆಸಿಕೊಂಡರು. "ನನಗ ಗೊತ್ತೈತಿ" ಎಂದರು.

ಆಸ್ಪತ್ರೆಯಲ್ಲಿ ಇದ್ದಾಗಲೇ ಗೊತ್ತಾಗಿತ್ತಂತೆ. ರಾಮುಲು ಅಣ್ಣ ನೋಡಲು ಬಂದಾಗ, ಅವನೂ ಅದೇ ಕುಡಿದವನು ಎಂದು ತಿಳಿದು ಡಾಕ್ಟರು ಅವನನ್ನೂ ಪರೀಕ್ಷೆ ಮಾಡಿದ್ದಾರೆ. ಸ್ಪಿರಿಟ್ಟಿನ ಮೇಲೆ ಮತ್ತೇನು ಕುಡಿದೆ ಎಂದು ಕೇಳಿ, ಬ್ರಾಂದಿ ಎಂದಾಗ, ಅದೇ ನಿನ್ನ ಕಣ್ಣು ಕಾಯ್ದಿರಬೇಕು ಎಂದಿದ್ದಾರೆ. ಅವನು ಅಳುತ್ತಾ ಬಂದು ಇವರಿಗೆ ಹೇಳಿದ್ದಾನೆ. ಇವರು ಅವನ ಕೈಯಿಂದ ಆಣೆ ಮಾಡಿಸಿಕೊಂಡಿದ್ದಾರೆ, ನನಗೆ ಹೇಳಬಾರದೆಂದು. ಮನೆಗೆ ಬಂದ ದಿನದಿಂದಲೇ ಬಂದವರೆದುರು ನನ್ನನ್ನು ಹೊಗಳಲು ಶುರು ಮಾಡಿದ್ದಾರೆ. ಎಲ್ಲರ ಬಾಯಲ್ಲೂ ಅದೇ ಮಾತು ಓಡಾಡುತ್ತಿದ್ದರೆ ಬೇರೆ ಮಾತು ನನ್ನ ಕಿವಿಗೆ ಬೀಳುವುದಿಲ್ಲ ಎಂದುಕೊಂಡರಂತೆ. ಕುಡಿದವನು ತಾನು, ಅಡ್ಡ ನಿಂತವಳ ಮೇಲೆ ಅದು ಬರಬಾರದು ಎಂದುಕೊಂಡರಂತೆ.

ನೀನೂ ಮುಚ್ಚಿಟ್ಟೆ, ಅವರೂ ಮುಚ್ಚಿಟ್ಟರು. ನಾನು ಒಬ್ಬಳೇ ಆ ಮೆಟ್ಟಿಲುಗಳನ್ನು ಎಣಿಸಿಕೊಂಡು ಹತ್ತಿ, ನೀವೆಲ್ಲ ಮೊದಲೇ ಕೂತಿದ್ದ ಕಡೆಗೆ ಬಂದೆ.

ನನ್ನ ಮೇಲೆ ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. ಮೊದಮೊದಲು ಬಂದಿತ್ತು ಎಂದರು. ಅದನ್ನು ಅವರು ಮುಚ್ಚಲಿಲ್ಲ, ಅದಕ್ಕೇ ಮುಂದಿನದನ್ನು ನಂಬಿದೆ. ಸಿಟ್ಟು ಹೋದ ಮೇಲೆ ಅಂಜಿಕೆ ಬಂತಂತೆ.

"ಗೊತ್ತಾದ್ರ ನೀ ನನ್ನ ಮುಖ ನೋಡಾಕ ಆಗದಂಗ ಆಗ್ತಿ ಅಂತ ಅಂಜಿದ್ದೆ ಶೈಲಾ. ನಿನ್ನ ಮುಖ ನನಗಂತೂ ಕಾಣಂಗಿಲ್ಲ. ನೀನೂ ನೋಡೋದು ಬಿಟ್ರ, ಈ ಮನ್ಯಾಗ ಯಾರ ಮುಖ ಯಾರು ನೋಡಬೇಕು?"

ಎರಡು ತಿಂಗಳಿಂದ ನಾನು ಅವರ ಮುಖ ನೋಡಿರಲಿಲ್ಲ ಭುವನಾ. ಕೈ ನೋಡುತ್ತಿದ್ದೆ, ತಟ್ಟೆ ನೋಡುತ್ತಿದ್ದೆ, ಮುಖವನ್ನಲ್ಲ. ಅವರಿಗೆ ಅದು ಹೇಗೆ ತಿಳಿಯಿತೋ. ಆವತ್ತು ನೋಡಿದೆ. ಗಡ್ಡದಲ್ಲಿ ಬಿಳಿ ಕೂದಲು ಬಂದಿದೆ. ಹುಬ್ಬಿನ ಮೇಲೆ ಮರದ ಹುಡಿ ಕೂತಿತ್ತು. ಸೆರಗಿನಿಂದ ಒರೆಸಿದೆ. ಅವರು ಮುಖವನ್ನು ನನ್ನ ಕಡೆಗೇ ಹಿಡಿದುಕೊಂಡು, ನಾನು ಸಾಕು ಅನ್ನುವವರೆಗೆ ಹಾಗೆಯೇ ಕೂತಿದ್ದರು.

ನಿನ್ನ
ಶೈಲಾ